ಸಮುದ್ರವಿಲ್ಲದ ತಾಲ್ಲೂಕುಗಳಲ್ಲಿ ಸಮುದ್ರದ ಹುಳಿ ತಡೆಯುವ ಬಗ್ಗೆ

ಸುತ್ತೋಲೆ ಸಂಖ್ಯೆ: ಹಾಸನ/ಕಡಲು (ಇಲ್ಲ)/ಹುಳಿ/ತಿದ್ದುಪಡಿ

ವಿಷಯ: ಸಮುದ್ರದ ನೀರು ಆಮ್ಲೀಯವಾಗುತ್ತಿರುವುದಕ್ಕೆ ಕರಾವಳಿ ಜನರು ಕೈಗೊಳ್ಳಬೇಕಾದ ಕ್ರಮಗಳನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಜಾರಿಗೊಳಿಸುವುದು.

ಉಲ್ಲೇಖ: ಮೇಲಿನ ಕಚೇರಿಯ ಜ್ಞಾಪನ, ಹಾಗೂ ಅದೇ ಕಚೇರಿಯ ಸಿಟ್ಟಿನ ಫೋನ್ ಕರೆ.

೧. ವಾಹನ, ಕಾರ್ಖಾನೆಗಳ ಹೊಗೆ ಕಡಲಿನಲ್ಲಿ ಕರಗಿ ನೀರು ಹುಳಿಯಾಗುತ್ತಿದ್ದು, ಚಿಪ್ಪುಮೀನಿನ ಮರಿಗಳಿಗೆ ಚಿಪ್ಪು ಕಟ್ಟುವುದೇ ಕಷ್ಟವಾಗಿರುತ್ತದೆ. ಆದ್ದರಿಂದ ಕರಾವಳಿಯವರು ನೀರನ್ನು ಆಗಾಗ ಪರೀಕ್ಷಿಸುವುದು, ಕಡಲಹುಲ್ಲನ್ನು ಕಾಪಾಡುವುದು, ಕೊಳಚೆಯನ್ನು ನೀರಿಗೆ ಬಿಡದಿರುವುದು ಎಂದು ಸೂಚಿಸಲಾಗಿತ್ತು. 'ನಮ್ಮಲ್ಲಿ ಸಮುದ್ರವಿಲ್ಲ' ಎಂದು ಅಧೀಕ್ಷಕ ಮೋಹನ್‌ಕುಮಾರ್ ಅವರು ಬರೆದ ಉತ್ತರವನ್ನು 'ಕಾರಣ ಸಮರ್ಪಕವಾಗಿಲ್ಲ' ಎಂದು ಹಿಂತಿರುಗಿಸಲಾಯಿತು. ಅಂದಿನಿಂದ ಗೊರೂರಿನ ಹೇಮಾವತಿ ಹೊಳೆಯ ಹಿನ್ನೀರನ್ನು, ಮುಂದಿನ ಆದೇಶದವರೆಗೆ, ಸಮುದ್ರವೆಂದು ಪರಿಗಣಿಸಲಾಗಿದೆ. ಅಲೆಗಳನ್ನು ಒದಗಿಸುವ ಪ್ರಸ್ತಾವ ಪರಿಶೀಲನೆಯಲ್ಲಿದೆ.

೨. ಸದರಿ ಸಮುದ್ರಕ್ಕೆ ಮೋಹನ್‌ಕುಮಾರ್ ಅವರು ಜೀಪಿನಲ್ಲಿ ಹೊಗೆ ಬಿಡುತ್ತಾ ತೆರಳಿ, ದಡದಲ್ಲಿ ಚಿತ್ರಾನ್ನ ತಿಂದು, ನೀಲಿ ಲಿಟ್ಮಸ್ ಕಾಗದವನ್ನು ನೀರಿಗೆ ಅದ್ದಿದರು. ಕಾಗದ ಕೆಂಪಾಯಿತು. ನೀರು ಹುಳಿಯಾಗಿದೆ ಎಂದು ದಾಖಲಿಸಲಾಯಿತು. ಮೀನು ಮಾರಾಟವನ್ನು ಅಲ್ಲೇ ನಿಷೇಧಿಸಲಾಯಿತು.

೩. ಬುಟ್ಟಿ ತುಂಬಿಕೊಂಡು ಹಾಸನದ ಬಸ್ಸಿಗೆ ಹೊರಟಿದ್ದ ಮೀನುಗಾರ್ತಿ ಸಣ್ಣಕ್ಕ ಅವರು, "ಅಯ್ಯೋ ಸಾ, ಬಿಸ್ಲೇರುದ್ರೆ ಎಲ್ಲಾ ಕೊಳೆತೋಯ್ತದೆ. ಮನೇಲಿ ಒಲೆ ಉರಿಯೋದು ಇದ್ರಿಂದ್ಲೇ ಕಣಪ್ಪ" ಎಂದು ಮೌಖಿಕ ಮನವಿ ಸಲ್ಲಿಸಿದರು. ಮನವಿ ಪರಿಶೀಲನೆಯಲ್ಲಿರುವಾಗಲೇ ಬಸ್ಸು ಹೊರಟುಹೋಯಿತು.

೪. ಜೊತೆಗೆ ಬಂದಿದ್ದ ಸಹಾಯಕಿ ತೇಜಶ್ರೀ ಅವರು ಅದೇ ನೀರಿಗೆ ಬೇರೆ ಕಾಗದ ಅದ್ದಲಾಗಿ, ಬಣ್ಣ ಬದಲಾಗಲಿಲ್ಲ. "ಸಾ, ಚಿತ್ರಾನ್ನಕ್ಕೆ ನಿಂಬೆಹಣ್ಣು ಇಂಡ್ಕಂಡ್ರಲ್ಲ, ಕೈ ತೊಳ್ಕಂಡ್ರಾ?" ಎಂದು ಮೆಲ್ಲಗೆ ಕೇಳಿದರು. ಮೋಹನ್‌ಕುಮಾರ್ ಅವರು ಬೆರಳು ಮೂಸಿ ನೋಡಿಕೊಂಡರು. ನಿಷೇಧವನ್ನು ಹಿಂಪಡೆಯಲಾಯಿತು, ಬಸ್ಸನ್ನು ಹಿಂಪಡೆಯಲಾಗಲಿಲ್ಲ.

೫. ಆದಕಾರಣ ಬುಟ್ಟಿಗಳನ್ನು ಇಲಾಖೆಯ ಜೀಪಿನಲ್ಲೇ ಸಾಗಿಸಲಾಯಿತು. ಮುಂದಿನ ಸೀಟಿನಲ್ಲಿ ಸಣ್ಣಕ್ಕ, ಹಿಂದೆ ಬುಟ್ಟಿ ತಬ್ಬಿಕೊಂಡು ಅಧೀಕ್ಷಕರು. ಮಾರುಕಟ್ಟೆಯಲ್ಲಿ, "ಸುಮ್ಕೆ ನಿಂತ್ರೆ ಯಾರ್ ತಗತ್ತಾರೆ ಸಾ? ಕೂಗಿ!" ಎಂಬ ಸಣ್ಣಕ್ಕನವರ ನಿರ್ದೇಶನದ ಮೇರೆಗೆ, ಬೇರೆ ಮಾತು ಬಾಯಿಗೆ ಬಾರದೆ, "ಸಾರ್ವಜನಿಕರ ಗಮನಕ್ಕೆ! ಮೀನು ಲಭ್ಯವಿರುತ್ತದೆ!" ಎಂದು ಕೂಗಿದರು. ಸಾರ್ವಜನಿಕರು ಬಿದ್ದು ಬಿದ್ದು ನಕ್ಕರು, ನಗುತ್ತಲೇ ಕೊಂಡರು. ಬುಟ್ಟಿಗಳು ಖಾಲಿಯಾದವು.

೬. ಹಿಂದಿರುಗುವಾಗ, ಕರಾವಳಿಯ ನೀರು ಹುಳಿಯಾಗುತ್ತಿರುವ ಸಂಗತಿ ಕೇಳಿದ ಸಣ್ಣಕ್ಕ ಅವರು, "ಅಲ್ಲಿ ಸಮುದ್ರಾನೇ ಕೆಟ್ಟೋದ್ರೆ ನಮ್ಮಂಗೆ ಬುಟ್ಟಿ ಒರೋರು ಏನ್ ಮಾಡ್ತಾರೆ ಸಾ?" ಎಂದು ಕೇಳಿದರು. ಮರುದಿನ ಅಧೀಕ್ಷಕರು ಇಲಾಖೆಯ ವಸತಿಗೃಹಗಳ ಚರಂಡಿ ಹೊಳೆಗೆ ಸೇರುವ ಜಾಗದಲ್ಲಿ ಮೂಗು ಮುಚ್ಚಿ ನಿಂತು, ಇಂಗುಗುಂಡಿ ತೋಡಿಸಲು ಆರಂಭಿಸಿದರು.

೭. ಈ ಪ್ರಕಾರ ಎಲ್ಲ ನೌಕರರೂ ಅರಿಯತಕ್ಕದ್ದು: ಚಿತ್ರಾನ್ನ ತಿಂದ ಕೈಯಲ್ಲಿ ಸಮುದ್ರವನ್ನು ಮುಟ್ಟುವಂತಿಲ್ಲ. ಹುಣಸೆ ಗೊಜ್ಜಿನ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಚನ್ನರಾಯಪಟ್ಟಣದವರು ಚಿಪ್ಪುಗಳ ವರದಿಯಲ್ಲಿ ತೆಂಗಿನ ಚಿಪ್ಪುಗಳನ್ನು ಸೇರಿಸತಕ್ಕದ್ದಲ್ಲ.

ಸಹಿ/-
ಮೋಹನ್‌ಕುಮಾರ್
ಅಧೀಕ್ಷಕರು ಹಾಗೂ ಪ್ರಭಾರ ಕರಾವಳಿ ಅಧಿಕಾರಿ, ಹಾಸನ

ಪ್ರತಿಗಳು:
ಮೇಲಿನ ಕಚೇರಿಗೆ, ಸಮಾಧಾನವಾಗಿರುವ ಹೊತ್ತು ನೋಡಿ ಮಂಡಿಸಲು.
ಜೀಪು ಚಾಲಕ ಬೀರಲಿಂಗಯ್ಯ ಅವರಿಗೆ, ಸೀಟು ತೊಳೆದಿದ್ದಕ್ಕೆ ವಂದನೆಗಳೊಂದಿಗೆ.
ಸಮುದ್ರಕ್ಕೆ, ವಿಳಾಸ ಲಭ್ಯವಿಲ್ಲದ ಕಾರಣ, ಹೇಮಾವತಿಯ ಮೂಲಕ.