ವಿಭಾಳ ಮನಸ್ಸಿನಲ್ಲಿ ಎಂತ ಉಂಟು?

ನಮ್ಮ ಜಗಲಿಯಲ್ಲಿ ವಾರಕ್ಕೊಂದಾದರೂ ಜಗಳ ಆಗಿಯೇ ಆಗುತ್ತದೆ. ಕಾರಣ ಇಬ್ಬರು ಹೆಂಗಸರು. ಆ ಇಬ್ಬರನ್ನೂ ನಮ್ಮಲ್ಲಿ ಯಾರೂ ಕಣ್ಣಿನಿಂದ ನೋಡಿಲ್ಲ, ನೋಡುವ ಹಾಗೂ ಇಲ್ಲ. ಅವರಿರುವುದು ಪುಸ್ತಕದೊಳಗೆ.

ಜಗಲಿ ನರಿಕೊಂಬಿನ ನಮ್ಮ ದೊಡ್ಡಮ್ಮನದ್ದು. ಮಧ್ಯಾಹ್ನದ ಊಟ ಮುಗಿಸಿ ನಾಲ್ವರು ಅಲ್ಲಿ ಬೀಡಿ ಕಟ್ಟಲು ಕೂರುತ್ತೇವೆ. ದೊಡ್ಡಮ್ಮ, ಪಕ್ಕದ ಮನೆಯ ಟೈಲರ್ ಅಕ್ಕ, ಗಂಡ ದುಬೈಯಲ್ಲಿರುವ ಕಾರಣಕ್ಕೆ ಊರಿಡೀ ದುಬೈಯವಳು ಎಂದೇ ಕರೆಯುವ ಒಬ್ಬಳು, ಮತ್ತು ನಾನು. ನಾನು ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿಗೆ ಹೋದಷ್ಟೇ ಬೇಗ ವಾಪಸ್ ಬರುತ್ತಿತ್ತು. ಒಂದು ದಿನ ದೊಡ್ಡಮ್ಮ, "ನೀನು ಎಲೆ ಹಾಳು ಮಾಡಿದ್ದು ಸಾಕು. ಪಿಯುಸಿ ಮಾಡಿದ್ದೀಯಲ್ಲ, ಕೂತು ಓದು" ಎಂದರು. ಅಂದಿನಿಂದ ನಾನು ಓದುವವಳು. ಅವರು ಮೂವರೂ ತಾವು ಕಟ್ಟಿದ್ದರಲ್ಲಿ ಒಂದೊಂದು ಹಿಡಿ ನನ್ನ ಮೊರಕ್ಕೆ ಹಾಕುತ್ತಾರೆ. ಫೋನಿನಲ್ಲಿ ಸೀರಿಯಲ್ ನೋಡಬಹುದಲ್ಲ ಎಂದು ನೀವು ಕೇಳಬಹುದು. ಕಣ್ಣು ಅತ್ತ ಹೋದರೆ ಕೈ ಇತ್ತ ನಿಲ್ಲುತ್ತದೆ. ಕಿವಿಯಿಂದ ಆ ತೊಂದರೆ ಇಲ್ಲ.

ಕಳೆದ ವರ್ಷ ಬಂಟ್ವಾಳದ ಲೈಬ್ರರಿಯಿಂದ ಎಂಟು ಭಾಗದ ಒಂದು ಪ್ರೇಮ ಕಾದಂಬರಿ ತರತೊಡಗಿದೆ. ಅದರಲ್ಲಿ ಸುಧೀಂದ್ರ ಎಂಬ ಡಾಕ್ಟರ್. ಅವನಿಗಾಗಿ ಇಬ್ಬರು. ಚಂದ್ರಿಕಾಳಿಗೆ ಮೊಣಕಾಲು ಮುಟ್ಟುವ ಜಡೆ, ಕಡಿಮೆ ಮಾತು, ಪುಟಕ್ಕೆರಡು ಸಲ ಕಣ್ಣೀರು. ಬೆಂಗಳೂರಿನ ವಿಭಾಳಿಗೆ ಕತ್ತರಿಸಿದ ಕೂದಲು, ಸ್ವಂತ ಕಾರು, ತಂದೆ ತಾಯಿ ಇಲ್ಲ. ಬರೆದವರು ವಿಭಾ ಹಾಗೆ ಮಾಡಿದಳು, ಹೀಗೆ ಮಾಡಿದಳು ಎಂದು ಬರೆಯುತ್ತಾರೆಯೇ ಹೊರತು ಯಾಕೆ ಮಾಡಿದಳು ಎಂದು ಹೇಳುವುದಿಲ್ಲ. ಆ ಜವಾಬ್ದಾರಿ ನಮ್ಮ ಜಗಲಿಯ ಮೇಲೆ ಬಿತ್ತು.

ನಾನು ಓದುವುದು ಕನ್ನಡದಲ್ಲಿ, ಜಗಳ ನಡೆಯುವುದು ತುಳುವಿನಲ್ಲಿ. ಇಲ್ಲಿ ಜಗಳವನ್ನೂ ಕನ್ನಡಕ್ಕೆ ತಂದಿದ್ದೇನೆ. ಹಾಗಾಗಿ ಖಾರ ಸ್ವಲ್ಪ ಕಡಿಮೆಯಾಗಿದೆ.

ನವಿಲು ಬಣ್ಣದ ಸೀರೆ

ಎರಡನೇ ಭಾಗದಲ್ಲಿ ಚಂದ್ರಿಕಾಳ ಹುಟ್ಟುಹಬ್ಬಕ್ಕೆ ವಿಭಾ ಬಂದು ಒಂದು ರೇಷ್ಮೆ ಸೀರೆ ಕೊಟ್ಟು ಹೋಗುತ್ತಾಳೆ. ಅಷ್ಟೇ ಬರೆದಿರುವುದು. ಟೈಲರ್ ಅಕ್ಕನ ಕೈಯ ನೂಲು ಅಲ್ಲಿಗೇ ನಿಂತಿತು.

"ಬಣ್ಣ ಎಂತದ್ದು?"

"ನವಿಲು ಬಣ್ಣ."

"ಬ್ಲೌಸ್ ಪೀಸ್ ಉಂಟಾ?"

ನಾನು ಹಿಂದಿನ ಪುಟ, ಮುಂದಿನ ಪುಟ ಎರಡೂ ನೋಡಿ, "ಬರೆದಿಲ್ಲ ಅಕ್ಕ" ಎಂದೆ.

"ಬರೆದಿಲ್ಲ ಅಂದರೆ ಇಲ್ಲ. ಅದು ಅವಳಿಗೆ ಯಾರೋ ಕೊಟ್ಟ ಸೀರೆ. ಮನಸ್ಸಿಗೆ ಬರಲಿಲ್ಲ. ಬ್ಲೌಸ್ ಕತ್ತರಿಸಿ ಇಟ್ಟುಕೊಂಡು ಸೀರೆಯನ್ನು ಇವಳಿಗೆ ದಾಟಿಸಿದ್ದಾಳೆ."

ದುಬೈಯವಳು ಮೊದಲಿನಿಂದಲೂ ವಿಭಾಳ ಕಡೆ. "ಹಾಗಲ್ಲ ಅಕ್ಕ. ಮೊನ್ನೆ ಅಷ್ಟು ಜನರ ಎದುರು ಚಂದ್ರಿಕಾಳಿಗೆ ಬೈದಳಲ್ಲ, ತಪ್ಪಾಯಿತು ಅಂತ ಅನಿಸಿ ಕೊಟ್ಟದ್ದು."

"ತಪ್ಪಾಯಿತು ಅಂತ ಅನಿಸಿದವರು ಕಾಟನ್ ಕೊಡುತ್ತಾರೆ. ರೇಷ್ಮೆ ಕೊಡುವುದು ಕಪಾಟಿನಲ್ಲಿ ಜಾಗ ಇಲ್ಲದವರು. ನಾನು ಎಷ್ಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ, ನನಗೆ ಗೊತ್ತಿಲ್ಲವಾ?"

ಅನುಭವದ ಎದುರು ನಮ್ಮ ವಾದ ನಿಲ್ಲುವುದುಂಟಾ? ದುಬೈಯವಳು ಎಲೆಗೆ ಹೊಗೆಸೊಪ್ಪು ತುಂಬುತ್ತ ಮೆಲ್ಲಗೆ, "ಅಕ್ಕ, ನಮ್ಮ ಹೊಸ ಮನೆಯ ಒಕ್ಕಲಿಗೆ ನೀವು ಕೊಟ್ಟ ಸೀರೆಯಲ್ಲಿಯೂ ಬ್ಲೌಸ್ ಪೀಸ್ ಇರಲಿಲ್ಲ" ಎಂದಳು.

ಟೈಲರ್ ಅಕ್ಕ ನನ್ನ ಕಡೆ ತಿರುಗಿದರು. "ನೀನು ಮುಂದೆ ಓದು ಮಾರಾಯ್ತಿ, ಹೊತ್ತಾಯಿತು."

ಮೆಂಬರ್ ಬಂದದ್ದು

ನಾಲ್ಕನೇ ಭಾಗದ ಕೊನೆಗೆ ವಿಭಾ ಒಂದು ಚೀಟಿ ಬರೆದಿಟ್ಟು, ಪೆಟ್ಟಿಗೆ ಹಿಡಿದುಕೊಂಡು ಬೆಳಗಾಗುವ ಮೊದಲೇ ಮನೆ ಬಿಟ್ಟು ಹೋಗುತ್ತಾಳೆ. ಇಂಥ ಕಡೆ ನಾನು ಸ್ವರ ಎತ್ತಿ, ಭಾವ ತುಂಬಿ ಓದುತ್ತೇನೆ. ಅದು ನನ್ನ ಹೆಮ್ಮೆ. ಆ ದಿನ ಭಾವ ಬೇಲಿ ದಾಟಿ ದಾರಿಗೂ ಹೋಗಿರಬೇಕು.

ಮರುದಿನ ನಾಲ್ಕು ಗಂಟೆಗೆ ಪಂಚಾಯತ್ ಮೆಂಬರ್ ಸ್ಕೂಟರಿನಲ್ಲಿ ಬಂದಿಳಿದರು. ಮುಖ ಗಂಭೀರವಾಗಿತ್ತು.

"ದೊಡ್ಡಮ್ಮ, ನಿಮ್ಮ ಮನೆಗೆ ಗೊತ್ತಿರುವ ಹುಡುಗಿ ಯಾರೋ ಚೀಟಿ ಬರೆದಿಟ್ಟು ಹೋಗಿದ್ದಾಳಂತೆ. ಸ್ಟೇಷನ್‌ಗೆ ಹೇಳುವ ಮೊದಲು ಒಮ್ಮೆ ವಿಚಾರಿಸುವ ಅಂತ ಬಂದೆ."

"ಹೌದು, ಸುಧೀಂದ್ರನಿಗೆ ಬರೆದ ಚೀಟಿ" ಎಂದಳು ದುಬೈಯವಳು, ತಲೆ ಎತ್ತದೆ.

"ಯಾವ ಸುಧೀಂದ್ರ? ಮೆಲ್ಕಾರಿನವನಾ?"

ನಾನು ಪುಸ್ತಕ ಎತ್ತಿ ತೋರಿಸಿದೆ. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಸ್ಕೂಟರ್ ಹತ್ತುತ್ತಿದ್ದರು. ಇವರು ಮೆಟ್ಟಿಲಲ್ಲಿ ಕೂತರು. ದೊಡ್ಡಮ್ಮ ಕೊಟ್ಟ ಚಹಾ ಹಿಡಿದುಕೊಂಡು, "ಚೀಟಿಯಲ್ಲಿ ಎಂತ ಉಂಟು, ಓದಿ" ಎಂದರು.

"ನನ್ನನ್ನು ಹುಡುಕಬೇಡಿ. ನಾನು ಶಾಶ್ವತವಾಗಿ ಹೋಗುತ್ತಿದ್ದೇನೆ. ಮೈಸೂರಿನಲ್ಲಿ ಗೆಳತಿಯ ಮನೆಯಲ್ಲಿರುತ್ತೇನೆ" ಎಂದು ಓದಿದೆ.

"ವಿಳಾಸ ಕೊಟ್ಟಿದ್ದಾಳಲ್ಲ. ಹಾಗಾದರೆ ಬರುತ್ತಾಳೆ" ಎಂದರು ಮೆಂಬರ್. "ಇದು ರಾಜೀನಾಮೆ ಪತ್ರ ಇದ್ದ ಹಾಗೆ. ಸ್ವೀಕರಿಸಬಾರದು ಅಂತಲೇ ಕೊಡುವುದು. ನಾಲ್ಕು ಜನ ಬಂದು ಬೇಡ ಬೇಡ ಅಂತ ಹೇಳಬೇಕು, ಅಷ್ಟೇ ಅವಳ ಮನಸ್ಸಿನಲ್ಲಿರುವುದು."

ಐದನೇ ಭಾಗದ ಎರಡನೇ ಅಧ್ಯಾಯದಲ್ಲಿ ವಿಭಾ ಅದೇ ಪೆಟ್ಟಿಗೆ ಹಿಡಿದು ವಾಪಸ್ ಬಂದಳು. ಮೆಂಬರಿಗೆ ಹೆಂಗಸರ ಮನಸ್ಸು ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ನಾವು ಆಶ್ಚರ್ಯಪಟ್ಟೆವು. ಆಮೇಲೆ ನೆನಪಾಯಿತು, ಅವರು ಎರಡು ಸಲ ರಾಜೀನಾಮೆ ಕೊಟ್ಟವರು. ಈಗಲೂ ಮೆಂಬರೇ.

ದುಬೈಯಿಂದ ಬಂದ ಅಭಿಪ್ರಾಯ

ದುಬೈಯವಳ ಗಂಡನಿಗೆ ಶುಕ್ರವಾರ ರಜೆ. ಆ ದಿನ ಅವಳು ವೀಡಿಯೋ ಕಾಲ್ ಮಾಡಿ ಫೋನನ್ನು ಕಂಬಕ್ಕೆ ಒರಗಿಸಿ ಇಡುತ್ತಿದ್ದಳು. ಅವನು ಅಲ್ಲಿ ಬಟ್ಟೆ ಇಸ್ತ್ರಿ ಹಾಕುತ್ತ ಕತೆ ಕೇಳುತ್ತಿದ್ದ. ಆರು ತಿಂಗಳು ಬಾಯಿ ಬಿಟ್ಟವನಲ್ಲ. ಒಂದು ಶುಕ್ರವಾರ ಯಾಕೋ, "ಏನೇ ಹೇಳಿ, ಆ ಚಂದ್ರಿಕಾ ಒಳ್ಳೆಯ ಹುಡುಗಿ" ಎಂದುಬಿಟ್ಟ.

ಚಂದ್ರಿಕಾಳ ಕಡೆಯ ಟೈಲರ್ ಅಕ್ಕನಿಗೆ ಬಹಳ ಖುಷಿಯಾಯಿತು. ದುಬೈಯವಳು ಕತ್ತರಿ ಕೆಳಗಿಟ್ಟಳು.

"ಅವಳಲ್ಲಿ ಎಂತ ಒಳ್ಳೆಯದು ಕಂಡಿತು ನಿಮಗೆ?"

"ಅಲ್ಲ, ಪಾಪ, ಹೆಚ್ಚು ಮಾತಾಡುವುದಿಲ್ಲ. ಅದಕ್ಕೆ ಹೇಳಿದೆ."

ವಿಭಾಳ ಮನಸ್ಸನ್ನು ಬಿಟ್ಟು ಅವಳು ಗಂಡನ ಮನಸ್ಸನ್ನು ಬಿಡಿಸಲು ಹೊರಟಳು. ಹೆಚ್ಚು ಮಾತಾಡುವವರು ಯಾರು? ನಾನಾ? ಉದ್ದ ಜಡೆ ಇಷ್ಟವಾ? ಅಲ್ಲಿ ರೂಮಿನ ಹತ್ತಿರ ಯಾರಿದ್ದಾರೆ? ಅವನು ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಉತ್ತರ ಹುಡುಕುತ್ತಿದ್ದ. ಹಿಂದಿನಿಂದ ಹೊಗೆ ಏಳುವುದು ನಮಗೆ ಕಾಣುತ್ತಿತ್ತು, ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕೆಂಪು ಹುಂಜ

ದೊಡ್ಡಮ್ಮ ಏಳು ಭಾಗದವರೆಗೆ ಯಾರ ಕಡೆಯೂ ಸೇರಿರಲಿಲ್ಲ. ಏಳನೆಯದು ಮುಗಿದ ದಿನ ಟೈಲರ್ ಅಕ್ಕ ವಿಭಾಳಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ದೊಡ್ಡಮ್ಮನಿಗೆ ರೇಗಿತು.

"ಏಳು ಪುಸ್ತಕದಲ್ಲಿ ಆ ಹುಡುಗಿ ಉಂಡಳಾ ಅಂತ ಒಬ್ಬರಾದರೂ ಕೇಳಿದ್ದಾರಾ? ಅವಳು ಹಾರಾಡುವುದು ಡಾಕ್ಟರಿಗಾಗಿ ಅಲ್ಲ. ಹೇಳುವವರು ಕೇಳುವವರು ಇಲ್ಲ, ಅದಕ್ಕೆ." ಹೇಳುತ್ತಲೇ ಎದ್ದು ನಿಂತು ದೈವಸ್ಥಾನದ ದಿಕ್ಕಿಗೆ ಹೊಗೆಸೊಪ್ಪಿನ ಕೈ ಮುಗಿದರು. "ಆ ಡಾಕ್ಟರ್ ವಿಭಾಳಿಗೇ ಆಗಲಿ ಸ್ವಾಮಿ. ಹಾಗೆ ಆಯಿತೆಂದರೆ ನನ್ನ ಕೆಂಪು ಹುಂಜ ನಿನಗೆ."

ಹುಂಜ ಮೆಟ್ಟಿಲಲ್ಲೇ ಕೂತಿತ್ತು. ಮರಿಯಿದ್ದಾಗಿನಿಂದ ದೊಡ್ಡಮ್ಮನ ಅಂಗೈಯಿಂದಲೇ ಅನ್ನ ತಿಂದು ಬೆಳೆದದ್ದು. ಆದರೆ ನಮ್ಮ ಕಡೆ ಹೇಳಿದ ಹರಕೆ ಹೇಳಿದ್ದೇ. ತಮಾಷೆಗೆ ಹೇಳಿದೆ, ಸಿಟ್ಟಿನಲ್ಲಿ ಹೇಳಿದೆ ಎಂದು ಮನುಷ್ಯರಿಗೆ ಸಮಜಾಯಿಷಿ ಕೊಡಬಹುದು, ದೈವಕ್ಕಲ್ಲ.

ಎಂಟನೇ ಭಾಗ ಬೇರೆ ಯಾರೋ ಒಯ್ದಿದ್ದರಿಂದ ಸಿಗಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ದೊಡ್ಡಮ್ಮ ಸರಿಯಾಗಿ ಊಟ ಮಾಡಲಿಲ್ಲ. ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಹಾಗೇ ಬಿಟ್ಟೇಳುತ್ತಿದ್ದರು. ಮೆಟ್ಟಿಲಲ್ಲಿ ಕೂತು ಅಂಗಳ ನೋಡುತ್ತಿದ್ದರು. ವಿಭಾ ಎಲ್ಲಿ ಸೋಲುತ್ತಾಳೋ ಎಂಬ ಸಂಕಟ ಎಂದು ನಾನು ಅರ್ಥ ಮಾಡಿಕೊಂಡೆ. ಇಷ್ಟು ಕಾದಂಬರಿ ಓದಿದವಳಿಗೆ ಒಬ್ಬ ಹೆಂಗಸಿನ ಮನಸ್ಸು ತಿಳಿಯದೇ?

ಪುಸ್ತಕ ಸಿಕ್ಕಿದ ದಿನ ಮೆಲ್ಕಾರಿಗೆ ಬರುವ ಬಸ್ಸಿನಲ್ಲೇ ಕೊನೆಯ ಅಧ್ಯಾಯ ಓದಿದೆ. ಸುಧೀಂದ್ರ ಚಂದ್ರಿಕಾಳನ್ನು ಮದುವೆಯಾಗುತ್ತಾನೆ. ವಿಭಾ ವಿಮಾನ ಹತ್ತಿ ಹೋಗುತ್ತಾಳೆ. ಎಪ್ಪತ್ತು ದಾಟಿದ ದೊಡ್ಡಮ್ಮ ಹೀಗೆ ಊಟ ಬಿಟ್ಟರೆ ಗತಿ ಏನು? ಬಸ್ಸಿಳಿಯುವಾಗ ತೀರ್ಮಾನ ಮಾಡಿದೆ. ಚಂದ್ರಿಕಾ ಎಂದಿದ್ದಲ್ಲಿ ವಿಭಾ, ವಿಭಾ ಎಂದಿದ್ದಲ್ಲಿ ಚಂದ್ರಿಕಾ. ಓದುವವಳು ನಾನೊಬ್ಬಳೇ ತಾನೆ.

ಮಧ್ಯಾಹ್ನ ಎಲ್ಲ ಸಲೀಸಾಗಿ ನಡೆಯಿತು. ಮಂಟಪದವರೆಗೂ ಬಂದೆ. "ವಿಭಾಳ ನೀಳ ಜಡೆಗೆ ಮಲ್ಲಿಗೆ ಮುಡಿಸಿದರು" ಎಂದು ಬಾಯಿಗೆ ಬಂದೇ ಹೋಯಿತು.

"ನಿಲ್ಲು" ಎಂದರು ಟೈಲರ್ ಅಕ್ಕ. "ಅವಳಿಗೆ ಎಲ್ಲಿಯ ಜಡೆ?"

"ಕೂದಲು ಬೆಳೆಯಿತು ಅಕ್ಕ."

"ಎರಡು ಅಧ್ಯಾಯದಲ್ಲಿ ಮೊಣಕಾಲಿನವರೆಗೆ? ಯಾವ ಎಣ್ಣೆ ಹಾಕಿದಳಂತೆ, ಬರೆದಿದ್ದಾರಾ?"

ದುಬೈಯವಳು ಗೆದ್ದ ಖುಷಿಯಲ್ಲಿ ನನ್ನ ಸಹಾಯಕ್ಕೆ ಬಂದಳು. "ಡಾಕ್ಟರನ ಹೆಂಡತಿಯಾಗುವವಳಿಗೆ ಕಟ್ಟಿಕೊಳ್ಳಲು ಒಂದು ಸವರಿ ಕೂದಲು ಸಿಗುವುದಿಲ್ಲವಾ ಅಕ್ಕ?"

ದೊಡ್ಡಮ್ಮ ಮಾತ್ರ ಅರ್ಧ ಕಟ್ಟಿದ ಬೀಡಿಯನ್ನು ಮೊರಕ್ಕೆ ಹಾಕಿದರು. ಎದ್ದು ಅಂಗಳಕ್ಕೆ ಹೋದರು. ಸಂತೋಷ ಹೆಚ್ಚಾದರೆ ಕೆಲವರಿಗೆ ಮಾತು ಬರುವುದಿಲ್ಲ ಎಂದುಕೊಂಡೆ.

ಬೆಂಗಳೂರಿನ ಹುಡುಗಿಗೆ ಪ್ರಾರ್ಥನೆ

ಹರಕೆ ಒಪ್ಪಿಸುವುದು ಬರುವ ಆದಿತ್ಯವಾರ ಎಂದು ನಿಶ್ಚಯವಾದ ಮೇಲೆ ನನಗೆ ಬುದ್ಧಿ ಬಂತು. ಜಗಲಿಯಲ್ಲಿ ಸುಳ್ಳು ಓದುವುದು ಒಂದು. ಆಗದೆ ಇರುವ ಮದುವೆಯನ್ನು ಆಯಿತು ಎಂದು ದೈವದ ಮುಂದೆ ಹೇಳಿಸುವುದು ಇನ್ನೊಂದು. ನಾನು ನಿಜವಾಗಿ ಹೆದರಿದೆ. ಈಗ ಊಟ ಸೇರದೆ ಇರುವ ಸರದಿ ನನ್ನದು. ಹೇಳಿಬಿಡುವ ಎಂದು ಎರಡು ಸಲ ದೊಡ್ಡಮ್ಮನ ಹತ್ತಿರ ಹೋದೆ. ಎರಡು ಸಲವೂ ಅವರು ಹುಂಜಕ್ಕೆ ಅನ್ನ ಹಾಕುತ್ತಿದ್ದರು, ನಾನು ಮಜ್ಜಿಗೆ ಕೇಳಿ ವಾಪಸ್ ಬಂದೆ.

ಆದಿತ್ಯವಾರ ನಾಲ್ವರೂ ಒಂದು ರಿಕ್ಷಾದಲ್ಲಿ ಹೋದೆವು. ಹುಂಜ ದೊಡ್ಡಮ್ಮನ ಮಡಿಲಲ್ಲಿ, ಕಾಲಿಗೆ ಹಗ್ಗ. ದಾರಿಯುದ್ದಕ್ಕೂ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಟೈಲರ್ ಅಕ್ಕ ಸೋತವರಾದರೂ ಬಂದಿದ್ದರು. ಹರಕೆಯ ಊಟದಲ್ಲಿ ಪಕ್ಷಭೇದ ಇಲ್ಲ.

ದೈವಸ್ಥಾನದ ಪೂಜೆಯವರು ವಯಸ್ಸಾದವರು, ಒಂದೊಂದು ಹರಕೆಯನ್ನೂ ನೆನಪಿಟ್ಟವರು. ಹುಂಜವನ್ನು ತೆಗೆದುಕೊಂಡು ಕೇಳಿದರು, "ಯಾರ ವಿಷಯ?"

"ವಿಭಾ ಅಂತ. ಮದುವೆ ವಿಷಯ" ಎಂದರು ದೊಡ್ಡಮ್ಮ.

"ಮೊಮ್ಮಗಳಾ?"

"ಅಲ್ಲ. ಬೆಂಗಳೂರಿನವಳು. ತಂದೆ ತಾಯಿ ಇಲ್ಲ. ಅವಳ ಕಡೆಯಿಂದ ನಾನೇ."

ಪೂಜೆಯವರಿಗೆ ಈ ಮಾತು ಮನಸ್ಸಿಗೆ ತಟ್ಟಿತು ಎಂದು ಕಾಣುತ್ತದೆ. ಕಣ್ಣು ಮುಚ್ಚಿ ದೊಡ್ಡ ಸ್ವರದಲ್ಲಿ ಶುರು ಮಾಡಿದರು. "ಸ್ವಾಮಿ, ಬೆಂಗಳೂರಿನ ವಿಭಾ ಎಂಬ ಹೆಣ್ಣುಮಗಳಿಗೆ ಮದುವೆ ಕೂಡಿಬಂದ ಸಂತೋಷಕ್ಕೆ..."

"ಕೂಡಿಬರಲಿಲ್ಲ" ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ವಿಭಾ ಪುಸ್ತಕದ ಹುಡುಗಿ ಎಂಬುದರಿಂದ ಹಿಡಿದು ಹೆಸರು ಅದಲುಬದಲು ಮಾಡಿ ಓದಿದ್ದು, ಜಡೆಯ ವಿಷಯ, ವಿಮಾನದ ವಿಷಯ ಎಲ್ಲ ಹೇಳಿದೆ. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಟೈಲರ್ ಅಕ್ಕ ಮುಂದೆ ಬಂದರು.

"ಆ ಜಡೆ ಕೇಳಿದಾಗಲೇ ನಾನು ಹೇಳಿದೆ! ಮದುವೆಯಾದದ್ದು ನಮ್ಮ ಚಂದ್ರಿಕಾ."

ಪೂಜೆಯವರು ಅವರನ್ನೇ ನೋಡಿದರು. "ಚಂದ್ರಿಕಾ? ಹೋದ ತಿಂಗಳು ನೀವು ಬಂದು ಚಂದ್ರಿಕಾ ಅಂತ ಹುಡುಗಿಯ ಮದುವೆಗೆ ಎರಡು ಕೋಳಿ ಹೇಳಿ ಹೋದದ್ದು ಇದೇ ಹುಡುಗಿಗಾ? ನಿಮ್ಮ ತಂಗಿಯ ಮಗಳು ಅಂತ ಮಾಡಿದ್ದೆ ನಾನು."

ಟೈಲರ್ ಅಕ್ಕನ ಮುಖ ನೋಡಬೇಕಿತ್ತು. ದುಬೈಯವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೆ ನಗುವ ಸ್ಥಿತಿ ಇರಲಿಲ್ಲ. ದೊಡ್ಡಮ್ಮನ ಕಾಲು ಹಿಡಿದೆ. "ತಪ್ಪಾಯಿತು ದೊಡ್ಡಮ್ಮ. ವಿಭಾಳಿಗಾಗಿ ನೀವು ನಾಲ್ಕು ದಿನ ಊಟ ಬಿಟ್ಟಿರಿ. ನೋಡಲಾಗದೆ ಹಾಗೆ ಓದಿದೆ."

ದೊಡ್ಡಮ್ಮ ಆಗಲೇ ಪೂಜೆಯವರ ಕೈಯಿಂದ ಹುಂಜವನ್ನು ತೆಗೆದುಕೊಂಡು ಅದರ ಕಾಲಿನ ಹಗ್ಗ ಬಿಚ್ಚುತ್ತಿದ್ದರು.

"ವಿಭಾಳಿಗಾಗಿ ಅಂತ ನಿನಗೆ ಯಾರು ಹೇಳಿದ್ದು? ಅವಳಿಗೆ ಕಾರು ಉಂಟು, ಎಲ್ಲಿಯಾದರೂ ಬದುಕುತ್ತಾಳೆ. ಸಿಟ್ಟಿನಲ್ಲಿ ಈ ಹುಂಜವನ್ನು ಹರಕೆ ಹೇಳಿಬಿಟ್ಟೆ, ಹಿಂದೆ ತೆಗೆಯಲಿಕ್ಕೆ ಆಗುತ್ತದಾ? ಆ ಹೆಣ್ಣಿಗೆ ಮದುವೆ ಒಂದು ಆಗದೆ ಹೋಗಲಿ ಸ್ವಾಮಿ ಅಂತ ನಾಲ್ಕು ದಿನ ಊಟ ಬಿಟ್ಟು ಕೈ ಮುಗಿದದ್ದು ನಾನು!"