ಚಕ್ರ ಮಡಚದ ವಿಮಾನ

ಹೈಡ್ರಾಲಿಕ್ ರಿಪೇರಿ ನನ್ನ ಕಸುಬು. ಜೆಸಿಬಿಯ ಕೈ ಏಳದಿದ್ದರೆ, ಟಿಪ್ಪರಿನ ತೊಟ್ಟಿ ಇಳಿಯದಿದ್ದರೆ ಬದಿಯಡ್ಕದವರು ನನಗೆ ಫೋನ್ ಮಾಡುವುದು. ವಿಚಿತ್ರದ ಕೆಲಸಗಳೂ ಹಾಗೆಯೇ ಹುಡುಕಿಕೊಂಡು ಬರುತ್ತವೆ.

೧

"ಚಕ್ರ ಮಡಚುವುದಿಲ್ಲ, ಒಮ್ಮೆ ಬರಬಹುದಾ?"

"ಎಂತ ಗಾಡಿ?"

"ವಿಮಾನ."

ನಂಬದೆಯೇ ಹೋದೆ. ಗಲ್ಫಿನಲ್ಲಿ ವಿಮಾನ ಮೆಕ್ಯಾನಿಕ್ ಆಗಿದ್ದವರೊಬ್ಬರು ಊರಿಗೆ ಬಂದು, ತಗಡಿನ ಶೆಡ್ಡಿನಲ್ಲಿ ಇಬ್ಬರು ಕೂರುವ ವಿಮಾನ ಕಟ್ಟುತ್ತಿದ್ದರು. ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಪಂಪು ಒತ್ತಿದರೆ ಎಡದ ಚಕ್ರ ಮೇಲೆ ಹೋಗುತ್ತದೆ, ಬಲದ್ದು ಅಲ್ಲಾಡುವುದಿಲ್ಲ. ಪೈಪಿನಲ್ಲಿ ಗಾಳಿ ಸೇರಿತ್ತು. ನಾನು ನಟ್ಟು ಸಡಿಲಿಸಿ ಗಾಳಿ ಬಿಡುವಾಗ ಪಂಪು ಒತ್ತಿದ್ದು ಅವರ ಹೆಂಡತಿ.

"ಅಕ್ಕನಿಗೆ ಒಳ್ಳೆ ಅಭ್ಯಾಸ ಉಂಟಲ್ಲ," ಎಂದೆ.

"ಬೇರೆ ಹೆಂಗಸರು ಹೊಲಿಗೆ ಕಲಿತರು," ಎಂದರು ಅಕ್ಕ.

೨

ತಿಂಗಳಾಗುವಾಗ ಪುನಃ ಫೋನ್. ಈಗ ಎರಡೂ ಚಕ್ರ ಅರ್ಧದಲ್ಲಿ ಸಿಕ್ಕಿಕೊಂಡಿವೆ. ಬಿಚ್ಚಿದರೆ ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರ್ ಸೀಲುಗಳೆಲ್ಲ ನೆನೆಹಾಕಿದ ಕಡಲೆಯ ಹಾಗೆ ಊದಿದ್ದವು. ಹೈಡ್ರಾಲಿಕ್ಕಿನ ಕೆಂಪು ಎಣ್ಣೆ ಹಾಕುವಲ್ಲಿ ಬ್ರೇಕ್ ಎಣ್ಣೆ ಹೊಯ್ದಿದ್ದರು.

"ಬಾಟಲಿ ಬದಲಾಯಿತು ಮಾರಾಯ," ಎಂದರು ಅವರು, ನನ್ನ ಪಕ್ಕದ ಕಂಬವನ್ನು ನೋಡಿ.

ಅಕ್ಕ ಗೇಟಿನವರೆಗೆ ಬಂದರು. "ಇವರ ಕಣ್ಣು ಹೋಗುತ್ತಾ ಉಂಟು. ನನ್ನ ಹತ್ರ ಹೇಳಲಿಲ್ಲ, ಡಾಕ್ಟ್ರ ಚೀಟಿ ನಾನೇ ನೋಡಿದೆ. ನೀವು ಸರಿಮಾಡಿಕೊಟ್ಟರೆ ಹಾರಿಯೇ ಬಿಡುತ್ತಾರೆ. ಸ್ವಲ್ಪ ಲೀಕ್ ಇರಲಿ."

ಲೀಕ್ ಬೇಕೆಂದು ಕೇಳಿದ ಗಿರಾಕಿ ನನಗೆ ಅವರೊಬ್ಬರೇ.

೩

ಒಂದು ಹಳೆ ಸೀಲು ಹಾಗೇ ಬಿಟ್ಟೆ. ಚಕ್ರ ಮೇಲೆ ಹೋಗಿ ಮೆಲ್ಲ ಮೆಲ್ಲ ಜಾರುತ್ತಿತ್ತು. "ಹೊಸ ಸೀಲು ಸಿಗಲಿಲ್ಲ," ಎಂದು ಎರಡು ಸಲ ಸುಳ್ಳು ಹೇಳಿದೆ. ಮೂರನೇ ಸಲ ಅವರು ಅಕ್ಕನನ್ನು ಚಾ ಮಾಡಲಿಕ್ಕೆ ಕಳಿಸಿದರು.

"ಬೇಕೆಂದೇ ಬಿಟ್ಟದ್ದಲ್ವಾ? ಹಳೆ ಸೀಲು ನನ್ನ ಬೆರಳಿಗೆ ಗೊತ್ತಾಗುತ್ತದೆ. ಹಾರುವ ಆಸೆ ಬಿಟ್ಟಿದ್ದೇನೆ. ಅದರಲ್ಲಿ ಕೂತು ಒಮ್ಮೆ ಚಕ್ರ ಮಡಚಬೇಕು, ಅಷ್ಟೇ. ಕಣ್ಣಿನ ವಿಷಯ ಅವಳಿಗೆ ಹೇಳಬೇಡ, ಹೆದರುತ್ತಾಳೆ."

ಇಬ್ಬರದ್ದೂ ಒಂದೇ ಗುಟ್ಟು. ಸೋರದ ಹಾಗೆ ಹಿಡಿದುಕೊಳ್ಳಲಿಕ್ಕೆ ನಾನೊಬ್ಬ.

೪

ಸರಿಯಾದ ಸೀಲು ತರಿಸಿ ಹಾಕುವಷ್ಟರಲ್ಲಿ ಅವರಿಗೆ ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಮುಚ್ಚಿಡಲು ಇನ್ನೇನೂ ಇರಲಿಲ್ಲ. ಅಕ್ಕ ಕೈಹಿಡಿದು ಸ್ಟ್ಯಾಂಡಿನ ಮೇಲಿದ್ದ ವಿಮಾನ ಹತ್ತಿಸಿ ಪಕ್ಕದಲ್ಲಿ ಕೂತರು. ಅವರು ಲಿವರ್ ಎಳೆದರು, ನಾನು ಪಂಪು ಒತ್ತಿದೆ. ಎರಡೂ ಚಕ್ರ ಟಕ್ಕೆಂದು ಮಡಚಿ ನಿಂತವು.

ಅವರು ಮುಖ ಹೊರಗೆ ಚಾಚಿದರು. ಕೇಳಿದರು, "ಕೆಳಗೆ ಎಂತ ಕಾಣುತ್ತದೆ?"

ಅಕ್ಕ ಸೆರಗಿನಲ್ಲಿ ಕಣ್ಣೊರಸಿಕೊಂಡು ಶೆಡ್ಡಿನ ಗೋಡೆ ನೋಡಿದರು. "ಬದಿಯಡ್ಕ ಪೇಟೆ. ನಿಮ್ಮ ಅಣ್ಣ ಹೋಟ್ಲಲ್ಲಿ ಗೋಳಿಬಜೆ ತಿನ್ನುತ್ತಾ ಇದ್ದಾರೆ. ಡಾಕ್ಟ್ರು ಅವರಿಗೆ ಎಣ್ಣೆತಿಂಡಿ ಬಿಡಲಿಕ್ಕೆ ಹೇಳಿದ್ದರು."

"ಇಷ್ಟು ಎತ್ತರದಿಂದ ಕೂಗಿದರೆ ಅವನಿಗೆ ಕೇಳಲಿಕ್ಕಿಲ್ಲ," ಎಂದರು ಅವರು. "ತಿನ್ನಲಿ ಬಿಡು."