ನಾಲ್ಕನೆಯ ಚಕ್ರದ ವಾಚು

ನನ್ನ ವಾಚು ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ, ಮಹಡಿಯಿಂದ ಬಿದ್ದರೂ ಸಾಯುವುದಿಲ್ಲ, ಕೆನಡಾದ ಜನವರಿಯಲ್ಲಿ ಹಿಮದಡಿ ಹೂತುಹೋದರೂ ಸಾಯುವುದಿಲ್ಲ. ಇದು ನನ್ನ ಮಾತಲ್ಲ, ತಯಾರಿಸಿದವರೇ ಬರೆದುಕೊಟ್ಟಿದ್ದು. ಆದರೆ ಅವರಲ್ಲಿ ಯಾರಿಗೂ ಮೈಸೂರಿನ ಅತ್ತೆ ಇದ್ದಂತೆ ಕಾಣುವುದಿಲ್ಲ. ಇದ್ದಿದ್ದರೆ ಗ್ಯಾರಂಟಿ ಕಾರ್ಡಿನ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸುತ್ತಿದ್ದರು.

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಭಾಷಣದ ಚಟ, ನನಗೆ ವಾಚಿನ ಚಟ. ಸೂಟು ಹಾಕಿದ ದಿನ ಮಾತ್ರ ಹೊರಗೆ ಬರುವ ಚಿನ್ನದ ಬಣ್ಣದ ಸುಕುಮಾರ ವಾಚುಗಳಲ್ಲ. ದಪ್ಪಗೆ, ಕಪ್ಪಗೆ, ಮೈತುಂಬ ರಬ್ಬರಿನ ಕವಚ ತೊಟ್ಟುಕೊಂಡು ದಿನಾ ಕೈಯಲ್ಲಿ ಏಟು ತಿನ್ನುವ ಜಿ-ಶಾಕ್ ಜಾತಿಯವು. ಎಟೋಬಿಕೋಕಿನ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಕೆಲಸ ಮಾಡುವವನಿಗೆ ಅಂಥದ್ದೊಂದು ಬೇಕು ಎಂದು ಮೊದಲನೆಯದನ್ನು ಕೊಂಡೆ. ಅದು ಸವೆಯದಿರಲಿ ಎಂದು ಎರಡನೆಯದನ್ನು ಕೊಂಡೆ. (ಸವೆಯದ ವಾಚು ಸವೆಯುತ್ತದೆಂದು ಇನ್ನೊಂದು ಯಾಕೆ ಎಂದು ನನ್ನ ಹೆಂಡತಿ ರಾಜಲಕ್ಷ್ಮಿ ಆಗಲೇ ಕೇಳಿದ್ದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.) ಆಮೇಲೆ ಲೆಕ್ಕ ತಪ್ಪಿತು. ಈಗ ನಮ್ಮ ಮೆಡೋವೇಲ್ ಮನೆಯ ಬೇಸ್‌ಮೆಂಟಿನಲ್ಲಿ ಗಂಟೆ ಗಂಟೆಗೂ ಕೇಳಿಬರುವ ‘ಪೀಪ್ ಪೀಪ್’ ಮೇಳಕ್ಕೆ ಗೋಡೆಯ ಇಲಿಯೂ ಒಗ್ಗಿಕೊಂಡಿದೆ. ರಾಜಲಕ್ಷ್ಮಿ ಮಾತ್ರ ಒಗ್ಗಿಕೊಂಡಿಲ್ಲ.

ಕೊಂಡು ಕಟ್ಟಿಕೊಂಡರೆ ಸಾಕಿತ್ತು. ನಾನು ಅವುಗಳ ರೂಪ ಬದಲಿಸುವ ಬ್ರಹ್ಮವಿದ್ಯೆಗೂ ಕೈಹಾಕಿದೆ. ಒಂದರ ಪಟ್ಟಿ ಇನ್ನೊಂದಕ್ಕೆ, ಇನ್ನೊಂದರ ಕವಚ ಮತ್ತೊಂದಕ್ಕೆ. ಅವಳ ಹುಬ್ಬು ಕೀಳುವ ಚಿಮುಟ ನನ್ನ ಮುಖ್ಯ ಆಯುಧವಾಯಿತು. ಒಂದು ಚಳಿಗಾಲ ಇಡೀ ಕೂತು ಒಂದು ವಾಚಿಗೆ ಕಡುನೀಲಿ ಕವಚ, ಗಾಜಿನ ಮೇಲೆ ಉಕ್ಕಿನ ತಂತಿಯ ಕಾವಲು, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಂಕಿ ಎಲ್ಲ ಕೂಡಿಸಿ ಅದಕ್ಕೆ ಕಲ್ಲಪ್ಪ ಎಂದು ನಾಮಕರಣ ಮಾಡಿದೆ. ಕಲ್ಲಪ್ಪನ ನೀಲಿ ಬಣ್ಣ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬಟ್ಟೆಗೆ ಹಾಕುವ ಬಣ್ಣ ಕುದಿಸಿ, ಕವಚವನ್ನು ಅದರಲ್ಲಿ ಅದ್ದಿ ನಾನೇ ಬರಿಸಿದ್ದು. ಕುದಿಸಿದ್ದು ಯಾವುದರಲ್ಲಿ ಎಂಬುದು ಮಾರನೆಯ ದಿನ ಊಟಕ್ಕೆ ಕೂತಾಗ ಬಯಲಾಯಿತು.

“ರೀ, ಸಾರು ಯಾಕ್ರೀ ನೀಲಿ ಆಗಿದೆ?”

“ಬೆಳಕಿಗೆ ಹಾಗೆ ಕಾಣ್ತಿರಬಹುದು,” ಎಂದೆ.

“ನಿಮ್ಮ ನಾಲಿಗೆ ಕೂಡ ಬೆಳಕಿಗೇ ನೀಲಿ ಆಗಿರೋದಾ?”

ಅಂದು ಅವಳು ಶಪಥ ಮಾಡಿದಳು. “ಈ ರಬ್ಬರ್ ಸಾಮಾನಿಂದ ಈ ಮನೆಗೆ ಒಂದೇ ಒಂದು ಉಪಯೋಗ ಆಗಿದ್ದು ತೋರ್ಸಿ. ಇಲ್ದಿದ್ರೆ ಎಲ್ಲಾನೂ ಗರಾಜ್ ಸೇಲಲ್ಲಿ ಮನೆ ಮುಂದೆ ಇಟ್ಟು ಮೂರು ಕಾಸಿಗೆ ಮಾರ್ತೀನಿ.” ರಾಜಲಕ್ಷ್ಮಿ ಶಪಥ ಮಾಡಿದರೆ ಮಾಡಿದಳೆಂದೇ ಅರ್ಥ. ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾದರೂ ಬಿಡದೆ, ಕೊನೆಗೆ ಪರೀಕ್ಷಕನೇ ಸುಸ್ತಾಗಿ ಲೈಸೆನ್ಸ್ ಕೊಡುವ ಹಾಗೆ ಮಾಡಿದವಳು.

ಲೈಸೆನ್ಸ್ ಬಂದದ್ದೇ ಕೆಂಪು ಬಣ್ಣದ ಹೊಸ ಕಾರು ಬಂತು. ಅದರ ಹಿಂದೆಯೇ ಆಯುಧಪೂಜೆ ಬಂತು. ಅದಕ್ಕೂ ಮೊದಲೇ ಮೈಸೂರಿನಿಂದ ನಮ್ಮ ಅತ್ತೆ ಜಯಲಕ್ಷ್ಮಿಯವರು ಬಂದಿದ್ದರು. ಅಕ್ಟೋಬರ್ ಚಳಿಯಲ್ಲಿ ರೇಷ್ಮೆ ಸೀರೆ, ಅದರ ಮೇಲೆ ನನ್ನ ಹಿಮದ ಜಾಕೆಟ್, ಕಾಲಿಗೆ ಮೊಮ್ಮಗಳು ಅಕ್ಷಯಾಳ ಓಡುವ ಶೂಸು ತೊಟ್ಟು, ಮನೆ ಮುಂದಿನ ಡ್ರೈವ್‌ವೇಯಲ್ಲಿ ಕಾರಿನ ಪಕ್ಕ ನಿಂತು ಪೂಜೆಯ ಸಮಸ್ತ ಅಧಿಕಾರ ವಹಿಸಿಕೊಂಡರು. ಅತಿಥಿಯೆಂದರೆ ಪಕ್ಕದ ಬೀದಿಯ ಉಮಾಶಂಕರ ಒಬ್ಬನೇ. ಬೋಲ್ಟನ್ನಿನ ಗೋದಾಮಿನಲ್ಲಿ ಸೂಪರ್‌ವೈಸರ್. ಮಾವ ಮದುವೆಯಲ್ಲಿ ಕೊಟ್ಟ ಚಿನ್ನದ ಬಣ್ಣದ ವಾಚನ್ನು ಕೈತೊಳೆಯುವಾಗಲೆಲ್ಲ ಬಿಚ್ಚಿ ಜೇಬಿಗಿಡುವ ಮನುಷ್ಯ.

“ಏನಪ್ಪಾ ಮಧು, ಅದೇನು ಕೈಗೆ ಕಟ್ಟಿರೋದು? ಅಕ್ಷಯಾದಾ?”

“ಇದರ ಮೇಲೆ ಲಾರಿ ಹೋದರೂ ಏನೂ ಆಗಲ್ಲ, ಗೊತ್ತಾ?” ಎಂದೆ ನಾನು. ಕಲ್ಲಪ್ಪನಿಗೆ ಅವಮಾನವಾದರೆ ನನಗೆ ರಕ್ತ ಕುದಿಯುತ್ತದೆ.

“ಹೇಳೋಕೇನು, ಎಲ್ಲಾರೂ ಹೇಳ್ತಾರೆ.”

ಅಷ್ಟರಲ್ಲಿ ಅತ್ತೆ ಕೂಗಿದರು. “ರಾಜೀ, ನಿಂಬೆಹಣ್ಣು ಮೂರೇ ಇದೆಯಲ್ಲೇ! ಇನ್ನೊಂದೆಲ್ಲಿ?”

ಇನ್ನೊಂದು ಚಿತ್ರಾನ್ನದಲ್ಲಿತ್ತು. ಮೂರು ಚಕ್ರದ ಕೆಳಗೆ ಮೂರು ನಿಂಬೆಹಣ್ಣು ಕೂತು, ಹಿಂದಿನ ಬಲಗಡೆಯ ಚಕ್ರ ಅನಾಥವಾಗಿ ನಿಂತಿತ್ತು. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ರಾಹುಕಾಲ ಶುರುವಾಗುತ್ತದೆ. ಮೂರಕ್ಕೆ ಇಟ್ಟು ಒಂದಕ್ಕೆ ಬಿಟ್ಟರೆ ಊರ ದೃಷ್ಟಿಯೆಲ್ಲ ಆ ಒಂದರ ಮೇಲೇ ಬೀಳುತ್ತದೆ ಎಂದು ಅತ್ತೆ ತೀರ್ಪು ಕೊಟ್ಟರು. ಆಲೂಗಡ್ಡೆ ಆಗಬಹುದೇ ಎಂದು ಉಮಾಶಂಕರ ಕೇಳಿದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಆಲೂಗಡ್ಡೆ ಅಲ್ಲೇ ಬೇಯುತ್ತಿತ್ತು.

ಆಗ ನನಗೆ ಆ ದಿವ್ಯವಾದ ಯೋಚನೆ ಹೊಳೆಯಿತು. (ನನಗೆ ಏನಾದರೂ ಹೊಳೆಯುವ ಹೊತ್ತಿಗೆ ಯಾರಾದರೂ ನನ್ನನ್ನು ಕಟ್ಟಿಹಾಕುವ ವ್ಯವಸ್ಥೆ ಆಗಬೇಕು.) ಒಂದೇ ಏಟಿಗೆ ಹೆಂಡತಿಯ ಶಪಥಕ್ಕೂ ಉತ್ತರ, ಉಮಾಶಂಕರನ ಬಾಯಿಗೂ ಬೀಗ! ಬೇಸ್‌ಮೆಂಟಿಗೆ ಓಡಿ ಹಳೆಯದೊಂದನ್ನು ತರಬಹುದಿತ್ತು. ವೀರಾವೇಶ ಬಂದವನಿಗೆ ಮೆಟ್ಟಿಲಿಳಿಯುವ ತಾಳ್ಮೆ ಎಲ್ಲಿಂದ ಬರಬೇಕು? ಕೈಯಿಂದ ಕಲ್ಲಪ್ಪನನ್ನೇ ಬಿಚ್ಚಿ ಚಕ್ರದ ಕೆಳಗಿಟ್ಟೆ. ಅತ್ತೆ ಅದಕ್ಕೂ ಅರಿಸಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟರು.

ರಾಜಲಕ್ಷ್ಮಿ ಸ್ಟೀರಿಂಗ್ ಹಿಡಿದು ದೇವರನ್ನು ನೆನೆದು ಮುಂದಕ್ಕೆ ಬಿಟ್ಟಳು. ಪಚಕ್, ಪಚಕ್, ಪಚಕ್. ನಾಲ್ಕನೆಯ ಚಕ್ರ ಸ್ವಲ್ಪ ಎದ್ದು, ಸ್ವಲ್ಪ ಬಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಪೀಪ್ ಪೀಪ್.

ಗಂಟೆ ಹತ್ತು! ಕಲ್ಲಪ್ಪ ಕುಂಕುಮ ಹಚ್ಚಿಕೊಂಡು, ಒಂದು ಗೀರೂ ಇಲ್ಲದೆ, ಸೇವಂತಿಗೆಯ ಎಸಳುಗಳ ನಡುವೆ ಅಂಗಾತ ಮಲಗಿದ್ದ. ಉಮಾಶಂಕರನ ಬಾಯಿ ತೆರೆದದ್ದು ತೆರೆದೇ ಇತ್ತು. “ಲೋ, ಏನೂ ಆಗಿಲ್ವಲ್ಲೋ!” ಎಂದ. ಆ ಅರ್ಧ ನಿಮಿಷ ನನ್ನ ಬಾಳಿನ ಸುವರ್ಣಯುಗ. ಬಾಗಿ ಎತ್ತಿಕೊಳ್ಳಲು ಕೈಚಾಚಿದೆ.

“ಮುಟ್ಬೇಡಿ ಅಳಿಯಂದಿರೇ!”

ಅತ್ತೆಯ ಧ್ವನಿಗೆ ಎದುರುಮನೆಯ ನಾಯಿಯೂ ಕೂತುಬಿಟ್ಟಿತು.

“ಅದು ಈಗ ವಾಚಲ್ಲ, ದೃಷ್ಟಿ ತೆಗೆದಿದ್ದು. ಮನೆಯೊಳಗೆ ತರಕೂಡದು. ನಿಂಬೆಹಣ್ಣಿನ ಜೊತೆ ನಾಲ್ಕು ದಾರಿ ಸೇರೋ ಕಡೆ ಹಾಕಿ, ಹಿಂದಕ್ಕೆ ತಿರುಗಿ ನೋಡದೆ ಬನ್ನಿ.”

“ಅತ್ತೆ, ಅದು ಒಡೆದೇ ಇಲ್ಲ! ಒಡೆಯದ ಮೇಲೆ ದೃಷ್ಟಿ ತೆಗೆದ ಹಾಗೆ ಹೇಗಾಗುತ್ತೆ?”

“ಒಡೆದಿದ್ರೆ ದೃಷ್ಟಿ ಚೆಲ್ಲಿಹೋಗಿರೋದು. ಒಡೀಲಿಲ್ಲ, ಅದಕ್ಕೇ ಎಲ್ಲಾ ಒಳಗೇ ಇದೆ.”

“ವಾಟರ್‌ಪ್ರೂಫ್ ಅಂತ ನೀವೇ ಹೇಳ್ತೀರಲ್ರೀ,” ಎಂದಳು ರಾಜಲಕ್ಷ್ಮಿ ಕಾರಿನಿಂದ ಇಳಿಯುತ್ತ. “ಒಳಗೆ ಹೋಗಿದ್ದು ಹೊರಗೆ ಹೇಗ್ರೀ ಬರುತ್ತೆ?”

ನಾನು ಸಹಾಯಕ್ಕಾಗಿ ಉಮಾಶಂಕರನ ಮುಖ ನೋಡಿದೆ. ಅವನು ಬಹಳ ಗಂಭೀರನಾಗಿದ್ದ. “ಸಂಪ್ರದಾಯ ಅಂದ್ರೆ ಸಂಪ್ರದಾಯ ಕಣಪ್ಪಾ. ದೊಡ್ಡೋರ ಮಾತು ಮೀರಬಾರದು. ಈಗ್ಲೇ ಹಾಕ್ಬಿಡು. ಯಾವ ಕಡೆ ಹಾಕ್ತೀಯ?”

ಬೀದಿಯ ಕೊನೆಯಲ್ಲಿ ನಾಲ್ಕೂ ಕಡೆ ಸ್ಟಾಪ್ ಬೋರ್ಡು ಇರುವ ಕೂಡುರಸ್ತೆ ಇದೆ. ತಟ್ಟೆಯಲ್ಲಿ ಜಜ್ಜಿದ ಮೂರು ನಿಂಬೆಹಣ್ಣು ಮತ್ತು ಬದುಕಿದ್ದ ಕಲ್ಲಪ್ಪನನ್ನು ಹೊತ್ತು ಹೊರಟೆ. ಜೊತೆಗೆ ಬಂದ ಅಕ್ಷಯಾ, “ಅಪ್ಪಾ, ದಿಸ್ ಈಸ್ ಲಿಟರಿಂಗ್, ರಸ್ತೇಲಿ ಕಸ ಹಾಕ್ಬಾರ್ದು,” ಎಂದು ಹೇಳಿ ಅರ್ಧದಾರಿಯಿಂದಲೇ ವಾಪಸಾದಳು. ನಾಲ್ಕೂ ಕಡೆಯಿಂದ ಬಂದ ಕಾರುಗಳು ನಿಂತು, ನೀವು ಮೊದಲು ಎಂದು ನನಗೆ ಕೈಸನ್ನೆ ಮಾಡಿದವು. ಅಷ್ಟು ಸಭ್ಯ ಜನರ ಎದುರಿಗೆ ಅಳುವುದು ಕೂಡ ಕಷ್ಟ. ಕಾಲುದಾರಿಯ ಅಂಚಿಗೆ, ಹುಲ್ಲಿನ ಮೇಲೆ ಎಲ್ಲವನ್ನೂ ಇಟ್ಟು ತಿರುಗಿ ನೋಡದೆ ಬಂದೆ. ಮಾರನೆಯ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಹೋಗಿ ಎತ್ತಿಕೊಂಡರಾಯಿತು ಎಂಬುದೊಂದೇ ಸಮಾಧಾನ. ಅಂದು ಉಮಾಶಂಕರ ಶಿಫ್ಟಿದೆ ಎಂದು ಪಾಯಸಕ್ಕೂ ಕಾಯದೆ ಎದ್ದುಹೋದ.

ಬೆಳಿಗ್ಗೆ ಹೋದೆ. ನಿಂಬೆಹಣ್ಣು ಮೂರೂ ಇದ್ದವು.

ರಾಜ್ಯೋತ್ಸವದ ದಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ಉಮಾಶಂಕರ ಬಿಸಿಬೇಳೆಬಾತ್ ಬಡಿಸುತ್ತಿದ್ದ. ನನ್ನ ತಟ್ಟೆಗೆ ಸೌಟು ಬಗ್ಗಿಸಿದಾಗ ಅವನ ಅಂಗಿಯ ತೋಳು ಮೇಲಕ್ಕೆ ಸರಿಯಿತು. ಕಡುನೀಲಿ ಕವಚ. ಉಕ್ಕಿನ ತಂತಿ. ಮೂಲೆಯಲ್ಲಿ ಇನ್ನೂ ಸ್ವಲ್ಪ ಕುಂಕುಮ.

“ಲೋ, ಅದು ಕಲ್ಲಪ್ಪ!”

“ಮೆಲ್ಲಗೆ ಮಾತಾಡಪ್ಪಾ, ನಿಮ್ಮನೆಯವರು ಹಿಂದೇನೇ ಇದಾರೆ. ನೀನು ಬೇಡ ಅಂತ ಹಾಕ್ದೆ, ತಿರುಗಿ ಕೂಡ ನೋಡ್ಲಿಲ್ಲ.”

“ಅದರಲ್ಲಿ ದೃಷ್ಟಿ ಇದೆ ಕಣೋ! ಸಂಪ್ರದಾಯ ಅಂದ್ಯಲ್ಲ!”

“ದೃಷ್ಟಿ ನಿಮ್ಮ ಕಾರಿಂದು. ನನ್ನ ಕಾರು ಬೇರೆ. ಈಗ ನೋಡು, ಕೈ ತೊಳೆಯೋವಾಗ ಬಿಚ್ಚೋದೇ ಬೇಡ!”

ನಾನು ಕೆಟ್ಟವನಲ್ಲ. ಆದರೂ ಅವನಿಗೆ ಏನಾದರೂ ಆಗಲಿ ಎಂದು ಚಳಿಗಾಲವಿಡೀ ಕಾದೆ. ಆದದ್ದು ಇಷ್ಟು: ರಾತ್ರಿಪಾಳಿ ತಪ್ಪಿ ಹಗಲು ಕೆಲಸವಾಯಿತು, ಬಡ್ತಿ ಬಂತು, ಮಂಡಿನೋವು ಹೋಯಿತು. ಇತ್ತ ರಾಜಲಕ್ಷ್ಮಿ ಫೆಬ್ರವರಿಯ ಮಂಜುಗಡ್ಡೆಯಲ್ಲಿ ಕಾರನ್ನು ಬುಗುರಿಯಂತೆ ಒಂದು ಸುತ್ತು ಸುತ್ತಿಸಿ, ಒಂದು ಗೀರೂ ಇಲ್ಲದೆ ಸರಿಯಾದ ದಾರಿಯಲ್ಲೇ ನಿಲ್ಲಿಸಿದಳು. ಮೈಸೂರಿಗೆ ವಾಪಸಾಗಿದ್ದ ಅತ್ತೆಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ನಿಂಬೆಹಣ್ಣಿಗೆ ಇಷ್ಟೊಂದು ಶಕ್ತಿ ಎಲ್ಲಿದೆ, ಎಲ್ಲ ಆ ವಾಚಿನ ಮಹಿಮೆ ಎಂದರಂತೆ.

ಈ ವರ್ಷ ಆಯುಧಪೂಜೆ ಹತ್ತಿರ ಬಂದಾಗ ರಾಜಲಕ್ಷ್ಮಿ ಬೇಸ್‌ಮೆಂಟಿನಿಂದ ನನ್ನ ಪೆಟ್ಟಿಗೆ ಹೊತ್ತುತಂದಳು. ಮುಖದಲ್ಲಿ ಎಂದೂ ಕಾಣದ ಪ್ರೀತಿ.

“ರೀ, ನಾನು ಸುಮ್ಮನೆ ಬೈತಿದ್ದೆ. ಇವುಗಳಿಂದ ಎಷ್ಟು ಉಪಯೋಗ ಇದೆ ನೋಡಿ! ಈ ಸಲ ನಾಲ್ಕೂ ಚಕ್ರಕ್ಕೆ ವಾಚೇ ಇಡೋಣ. ಪ್ರತಿ ವರ್ಷ ನಾಲ್ಕು ಅಂದ್ರೂ ಅಕ್ಷಯಾ ಮದುವೆವರೆಗೂ ಸಾಕಾಗುತ್ತೆ.”

ಶಪಥಕ್ಕೆ ಉತ್ತರ ಕೊಟ್ಟವನು ನಾನೇ, ಇನ್ನು ಯಾವ ಬಾಯಲ್ಲಿ ಬೇಡ ಎನ್ನಲಿ? ಗರಾಜ್ ಸೇಲೇ ವಾಸಿಯಿತ್ತು ಎಂದುಕೊಂಡು ಒಂದೊಂದನ್ನೂ ಕೊನೆಯ ಸಲ ಕೈಗೆ ಕಟ್ಟಿ ಬಿಚ್ಚುತ್ತ ಕೂತಿದ್ದಾಗ ಫೋನು ಬಂತು. ಉಮಾಶಂಕರ.

“ಮಧು, ಪೂಜೆಗೆ ಕರೀತೀಯ ತಾನೇ? ಈ ಸಲ ನಾಲ್ಕೂ ಚಕ್ರಕ್ಕೆ ವಾಚೇ ಅಂತೆ, ನಿಮ್ಮನೆಯವರು ಹೇಳಿದ್ರು. ಒಂದು ಸಣ್ಣ ಮಾತು. ನಮ್ಮನೆಯವಳ ಕೈ ಸ್ವಲ್ಪ ತೆಳ್ಳಗೆ. ಹಿಂದಿನ ಎಡಗಡೆ ಚಕ್ರಕ್ಕೆ ಚಿಕ್ಕದೊಂದು ಇಡಪ್ಪಾ. ಬಿಳೀದಿದ್ರೆ ಒಳ್ಳೇದು.”